ಹಗ್ಗದ ಗಂಟಿನಲ್ಲಿ ಹೋದ 12 ಮೀಟರ್

ಮೇಷ್ಟ್ರನ್ನು ಕೇಳಿ: ಓದುಗರ ಪ್ರಶ್ನೆ, ಪಿ.ಟಿ. ಮೇಷ್ಟ್ರ ಉತ್ತರ

ಮಂಡ್ಯ ಜಿಲ್ಲೆಯ ಹೈಸ್ಕೂಲುಗಳಲ್ಲಿ 34 ವರ್ಷ ಪೀಪಿ ಊದಿದವನು ನಾನು. ಈಗ ಮೈಸೂರಿನಲ್ಲಿ ಕೂತು ನಿಮ್ಮ ಪತ್ರ ಓದುತ್ತೇನೆ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಟೆಸ್ಟಿನದೇ ಗೋಳು. ಪೊಲೀಸ್ ಟೆಸ್ಟು, ಬೀಪ್ ಟೆಸ್ಟು, ಕೈಗಡಿಯಾರದ ಟೆಸ್ಟು. ಹಾಗಾಗಿ ಮಂಡಿನೋವಿನ ಪತ್ರಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ನೋವಿನವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸಾರ್, ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೆ ತಯಾರಿ ಮಾಡುತ್ತಿದ್ದೇನೆ. 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ನಮ್ಮೂರ ಹತ್ತಿರ ವಿ.ಸಿ. ನಾಲೆ ಏರಿ ಮೇಲೆ ಓಡಿದರೆ ಫೋನಿನಲ್ಲಿ 6 ನಿಮಿಷ 10 ಸೆಕೆಂಡು ಅಂತ ಬರುತ್ತದೆ. ಮಂಡ್ಯದ ಸ್ಟೇಡಿಯಂನಲ್ಲಿ ಗೆಳೆಯ ಟೈಮ್ ಹಿಡಿದಾಗ 6 ನಿಮಿಷ 50 ಸೆಕೆಂಡು. ಸುತ್ತಿನ ಲೆಕ್ಕ: 82, 98, 112, 118 ಸೆಕೆಂಡು. ಎಲ್ಲಿ ತಪ್ಪುತ್ತಿದೆ? (ಪಾಂಡವಪುರ ತಾಲ್ಲೂಕಿನ ಯುವಕ)

ಉತ್ತರ: ಸುತ್ತಿನ ಲೆಕ್ಕ ಬರೆದು ಕಳಿಸಿದ್ದೀಯಲ್ಲ, ಅದಕ್ಕೇ ನಿನಗೆ ಮೊದಲ ಉತ್ತರ ಕಣಪ್ಪ. ಬರೀ '6.50 ಆಯ್ತು ಸಾರ್' ಅಂತ ಬರೆದಿದ್ದರೆ ನಾನು ಏನು ಹೇಳಲಿ?

ಎರಡು ಕಡೆ ತಪ್ಪಿದೆ. ಒಂದು ನಿನ್ನದು, ಇನ್ನೊಂದು ಫೋನಿನದು.

ಮೊದಲು ಫೋನಿಂದು. ಜೇಬಿನಲ್ಲಿರುವ ಫೋನು ನೀನು ಎಲ್ಲಿದ್ದೀಯ ಅಂತ ಆಗಾಗ ಊಹೆ ಮಾಡಿ ಚುಕ್ಕಿ ಇಡುತ್ತದೆ. ಆ ಚುಕ್ಕಿಗಳನ್ನು ಸೇರಿಸಿ ದೂರ ಹೇಳುತ್ತದೆ. ಮರದ ಕೆಳಗೆ ಹೋದರೆ ಚುಕ್ಕಿ ಆ ಕಡೆ ಈ ಕಡೆ ನೆಗೆಯುತ್ತದೆ, ನೀನು ಓಡದ ದೂರವೂ ಲೆಕ್ಕಕ್ಕೆ ಸೇರುತ್ತದೆ. ನೀನು 1500 ಚಿಲ್ಲರೆ ಮೀಟರ್ ಓಡಿರುವಾಗಲೇ ಅದು '1600 ಆಯ್ತು' ಅನ್ನಬಹುದು. ಫೋನು ಸುಳ್ಳುಗಾರ ಅಂತಲ್ಲ. ನಾಲ್ಕು ಕಿಲೋಮೀಟರಿನ ವಾಕಿಂಗಿಗೆ ಅದು ಸಾಕು. ಇಪ್ಪತ್ತು ಸೆಕೆಂಡಿನಲ್ಲಿ ಕೆಲಸ ಸಿಗುವ, ಹೋಗುವ ಕಡೆ ಸಾಲದು.

ಫೋನನ್ನು ಬೈಯುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ತೊಂಬತ್ತರ ದಶಕದಲ್ಲಿ ನಾನಿದ್ದ ಒಂದು ಶಾಲೆಯಲ್ಲಿ 200 ಮೀಟರ್ ಟ್ರ್ಯಾಕ್ ಹಾಕಿದ್ದೆ. ನೇರ ಗೆರೆಗಳನ್ನು ಟೇಪು ಹಿಡಿದು ಸರಿಯಾಗಿ ಅಳೆದೆ. ಎರಡು ತುದಿಯ ಅರ್ಧ ವೃತ್ತಕ್ಕೆ ಗೂಟ ನೆಟ್ಟು, 18 ಮೀಟರಿನ ತೆಂಗಿನ ನಾರಿನ ಹಗ್ಗ ಕಟ್ಟಿ, ತಿರುಗಿಕೊಂಡು ಸುಣ್ಣ ಹಾಕಿದೆ. ಪ್ರತಿ ವರ್ಷ ಅದೇ ಹಗ್ಗ, ಶಾಲೆಯ ಸ್ಟೋರ್ ರೂಮಿನಲ್ಲಿ ಮೊಳೆಗೆ ನೇತುಹಾಕಿದ್ದು. ಆ ವರ್ಷ ನಮ್ಮ ಹುಡುಗರ ಟೈಮಿಂಗ್ ನೋಡಿ ನನಗೇ ಕಣ್ಣು ಕುಕ್ಕಿತು. ಒಬ್ಬ ಹುಡುಗ 1500 ಮೀಟರನ್ನು ಸರಿಯಾಗಿ 5 ನಿಮಿಷಕ್ಕೆ ಮುಗಿಸಿದ. ಸ್ಟಾಫ್ ರೂಮಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತೆ. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಹೋದೆವು. ಹುಡುಗ ಓಡಿದ್ದು 5 ನಿಮಿಷ 20 ಸೆಕೆಂಡು, ಬಂದಿದ್ದು ಆರನೇ ಜಾಗಕ್ಕೆ. 'ಹೆದರಿಕೊಂಡೇನೋ ದಡ್ಡ?' ಅಂತ ಎಲ್ಲರ ಎದುರಿಗೆ ಬೈದೆ. ಅವನು ತಲೆ ಬಗ್ಗಿಸಿಕೊಂಡು ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆರೆಯುತ್ತಾ ನಿಂತಿದ್ದ. ಒಂದು ಮಾತೂ ಆಡಲಿಲ್ಲ.

ಆಮೇಲೆ ಒಂದು ದಿನ ಹಗ್ಗ ಕೈಗೆ ತಗೊಂಡರೆ ಮಧ್ಯದಲ್ಲಿ ಒಂದು ಗಂಟು! ಜವಾನ ಹೇಳಿದ: 'ಲಡ್ಡು ಹಿಡಿದು ಹರಿದುಹೋಗಿತ್ತು ಸಾ, ಹಾಳಾದಷ್ಟು ಕುಯ್ದು ಬಿಸಾಕಿ ಗಂಟು ಹಾಕಿಟ್ಟೆ.' ಪಾಪ, ಅವನು ಒಳ್ಳೆಯದೇ ಮಾಡಿದ್ದ. ಅಳೆದೆ. 16 ಮೀಟರ್ 10 ಸೆಂಟಿಮೀಟರ್. ಹಗ್ಗದಲ್ಲಿ 1.9 ಮೀಟರ್ ಹೋದರೆ ಸುತ್ತಿನಲ್ಲಿ ಹೋಗುವುದು ಅದರ ಆರೂಕಾಲು ಪಟ್ಟು, ಅಂದರೆ ಸುಮಾರು 12 ಮೀಟರ್. ನನ್ನ 200 ಮೀಟರ್ ಟ್ರ್ಯಾಕು 188 ಮೀಟರ್ ಇತ್ತು. ಏಳೂವರೆ ಸುತ್ತಿಗೆ 90 ಮೀಟರ್ ಖೋತಾ. ಆ ಹುಡುಗನ ವೇಗಕ್ಕೆ 90 ಮೀಟರ್ ಅಂದರೆ ಹತ್ತೊಂಬತ್ತು, ಇಪ್ಪತ್ತು ಸೆಕೆಂಡು. ಅವನು ಶಾಲೆಯಲ್ಲಿ ಓಡಿದಷ್ಟೇ ಚೆನ್ನಾಗಿ ತಾಲ್ಲೂಕಿನಲ್ಲೂ ಓಡಿದ್ದ. ಅವತ್ತಿನಿಂದ ಸ್ಟೀಲ್ ಟೇಪು ಬಿಟ್ಟು ಬೇರೆ ಏನನ್ನೂ ನಂಬಿಲ್ಲ.

ನಿನಗೆ ಸ್ಟೀಲ್ ಟೇಪು ಸಿಗದಿದ್ದರೆ ಸೈಕಲ್ ಸಾಕು. ಟೈರಿನ ಮೇಲೆ ಸುಣ್ಣದಲ್ಲಿ ಒಂದು ಗುರುತು ಹಾಕು. ನೆಲದ ಮೇಲೆ ಹತ್ತು ಸುತ್ತು ಉರುಳಿಸಿ ದೂರ ಅಳೆದು, ಹತ್ತರಿಂದ ಭಾಗಿಸು. ಆಮೇಲೆ ನಾಲೆ ಏರಿ ಮೇಲೆ ಗಾಲಿ ಎಣಿಸಿಕೊಂಡು ಹೋಗಿ 1600 ಮೀಟರಿಗೆ ಕಲ್ಲು ಇಡು. ನಗಬೇಡ, ಮ್ಯಾರಥಾನ್ ಓಟದ ದಾರಿಯನ್ನು ಇವತ್ತಿಗೂ ಸೈಕಲ್ ಗಾಲಿಯಿಂದಲೇ ಅಳೆಯುತ್ತಾರೆ. ಕತ್ತಲಲ್ಲಿ ಮಾತ್ರ ಏರಿ ಮೇಲೆ ಓಡಬೇಡ. ನಾಲೆ ನೀರು ಯಾರಿಗೂ ನೆಂಟನಲ್ಲ.

ಈಗ ನಿನ್ನ ತಪ್ಪು. 6 ನಿಮಿಷ 30 ಸೆಕೆಂಡು ಅಂದರೆ 390 ಸೆಕೆಂಡು. ನಾಲ್ಕು ಸುತ್ತಿಗೆ ಹಂಚಿದರೆ ಸುತ್ತಿಗೆ 97 ಸೆಕೆಂಡೂವರೆ. ನೀನು ಮೊದಲ ಸುತ್ತನ್ನು 82ಕ್ಕೆ ಓಡಿದ್ದೀಯ. ಪಕ್ಕದವನು ನುಗ್ಗಿದ, ನೀನೂ ನುಗ್ಗಿದೆ, ಅಲ್ವಾ? ಹದಿನೈದು ಸೆಕೆಂಡು ಉಳಿಸಿದೆ ಅಂತ ಅಂದುಕೊಂಡೆ. ಕೊನೆಯ ಎರಡು ಸುತ್ತಿನಲ್ಲಿ ಮೂವತ್ತೈದು ಸೆಕೆಂಡು ಬಡ್ಡಿ ಸಮೇತ ಕೊಟ್ಟೆ. ಮೊದಲ ಸುತ್ತು 97, 98ಕ್ಕೆ ಬರುವ ಹಾಗೆ ಅಭ್ಯಾಸ ಮಾಡು. ನಿಧಾನ ಅನ್ನಿಸುತ್ತದೆ, ಅನ್ನಿಸಲಿ. ಎರಡು ವಾರಕ್ಕೊಮ್ಮೆ ಮಾತ್ರ ಪೂರ್ತಿ 1600 ಟೆಸ್ಟ್ ಕೊಡು. ಅದೇ ಜಾಗ, ಅದೇ ಹೊತ್ತು, ಅದೇ ಶೂ. ದಿನಾ ಟೆಸ್ಟ್ ಕೊಡುವುದು ಅಂದರೆ ಬಿತ್ತಿದ ಬೀಜವನ್ನು ದಿನಾ ಕಿತ್ತು ನೋಡಿದ ಹಾಗೆ.

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಬೇಸಿಗೆ ಶಿಬಿರದಲ್ಲಿ ಬೀಪ್ ಟೆಸ್ಟ್ ಮಾಡಿಸಿದರಂತೆ. ಐದನೇ ಲೆವೆಲ್‌ಗೆ ನಿಂತುಬಿಟ್ಟಳು. 'ಸ್ಟ್ಯಾಮಿನಾನೇ ಇಲ್ಲ' ಅಂತ ಕೋಚ್ ಎಲ್ಲರೆದುರಿಗೆ ಹೇಳಿದ್ದಾರೆ. ಕ್ರಿಕೆಟ್‌ನವರಿಗೆ 16 ಬೇಕಂತಲ್ಲ? ಅವಳು ಆಟ ಬಿಡುತ್ತೇನೆ ಅನ್ನುತ್ತಿದ್ದಾಳೆ. (ಕುವೆಂಪುನಗರದ ತಾಯಿ)

ಉತ್ತರ: ತಾಯಿ, ಎರಡು ಬೇರೆ ಬೇರೆ ಟೆಸ್ಟುಗಳು ಒಂದೇ ಪಾತ್ರೆಯಲ್ಲಿ ಕಲಸಿಹೋಗಿವೆ. ಮೊದಲು ಅದನ್ನು ಬಿಡಿಸೋಣ.

ಬೀಪ್ ಟೆಸ್ಟ್ ಕೆನಡಾದ ಲ್ಯೂಕ್ ಲೆಜೆ ಎಂಬುವವರು 1980ರ ದಶಕದ ಶುರುವಿನಲ್ಲಿ ಮಾಡಿದ್ದು. 20 ಮೀಟರ್ ದೂರದಲ್ಲಿ ಎರಡು ಗೆರೆ. 'ಬೀಪ್' ಅನ್ನುವಷ್ಟರಲ್ಲಿ ಆ ಗೆರೆ ಮುಟ್ಟಬೇಕು, ಮತ್ತೊಂದು ಬೀಪಿಗೆ ಈ ಗೆರೆ. ಶುರುವಿನಲ್ಲಿ ಗಂಟೆಗೆ 8.5 ಕಿ.ಮೀ. ವೇಗ. ನಿಮಿಷಕ್ಕೊಮ್ಮೆ ಅರ್ಧ ಕಿ.ಮೀ. ಜಾಸ್ತಿ. ನಡುವೆ ನಿಲ್ಲುವ ಹಾಗಿಲ್ಲ. ಈ ಲೆಕ್ಕದಲ್ಲಿ ಐದನೇ ಲೆವೆಲ್ ಅಂದರೆ 10.5 ಕಿ.ಮೀ. ವೇಗ. ಆ ಕೋಚ್ ಸಾಹೇಬರು ಎಷ್ಟನೇ ಲೆವೆಲ್‌ಗೆ ನಿಲ್ಲುತ್ತಾರೆ ಅಂತ ಒಂದು ಸಲ ಕೇಳಿ ನೋಡಿ, ಸುಮ್ನೆ.

ಕ್ರಿಕೆಟ್‌ನವರ 16 ಇದಲ್ಲ. ಅದು ಯೋ-ಯೋ ಟೆಸ್ಟ್, ಡೆನ್ಮಾರ್ಕಿನ ಯೆನ್ಸ್ ಬ್ಯಾಂಗ್ಸ್‌ಬೋ ಫುಟ್‌ಬಾಲ್ ಆಟಗಾರರಿಗೆ ಅಂತ ಮಾಡಿದ್ದು. ಅಲ್ಲೂ 20 ಮೀಟರೇ. ಆದರೆ ಹೋಗಿ ಬಂದ ಮೇಲೆ 10 ಸೆಕೆಂಡು ಸುಧಾರಿಸಿಕೊಳ್ಳಲು ಬಿಡುತ್ತಾರೆ. ಓಡು, ಉಸಿರು ತಗೋ, ಮತ್ತೆ ಓಡು. ಆಟದಲ್ಲಿ ಆಗುವುದೂ ಹಾಗೇ ಅಲ್ವಾ? ಅದರ ಲೆವೆಲ್ ಶುರುವಾಗುವುದೇ 5ರಿಂದ. ಅಲ್ಲಿಂದ 9ಕ್ಕೆ, 11ಕ್ಕೆ ನೆಗೆಯುತ್ತದೆ. ಭಾರತ ಕ್ರಿಕೆಟ್ ತಂಡಕ್ಕೆ 2017ರ ಹೊತ್ತಿನಲ್ಲಿ ಇಟ್ಟಿದ್ದ 16.1 ಅಂದರೆ ಒಟ್ಟು 1120 ಮೀಟರ್ ಓಟ. ನಿಮ್ಮ ಮಗಳ 5ನ್ನು ಆ 16ರ ಪಕ್ಕ ಇಡುವುದು ಸೇರನ್ನೂ ಮೊಳವನ್ನೂ ಹೋಲಿಸಿದ ಹಾಗೆ.

ಈಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಓಡಿದ್ದು ಹುಲ್ಲಿನ ಮೇಲಾ, ಸಿಮೆಂಟಿನ ಮೇಲಾ? ಯಾವ ಶೂ? ಬೆಳಿಗ್ಗೆ ಏಳಕ್ಕಾ, ಹನ್ನೊಂದರ ಬಿಸಿಲಲ್ಲಾ? ತಿಂಡಿ ತಿಂದಿದ್ದಳಾ? ಮುಟ್ಟಿನ ದಿನವಾ? ಮುಖ್ಯವಾಗಿ, ಇದು ಮೊದಲ ಸಲವಾ? ಮೊದಲ ಸಲ ಮಾಡುವವರಿಗೆ ಗೆರೆ ಹತ್ತಿರ ತಿರುಗುವುದೇ ಬರುವುದಿಲ್ಲ. ಬಸ್ಸು ತಿರುಗಿದ ಹಾಗೆ ದೊಡ್ಡ ಸುತ್ತು ಹಾಕುತ್ತಾರೆ. ಒಂದು ಕಾಲನ್ನು ಗೆರೆ ಮೇಲೆ ಅಡ್ಡಕ್ಕೆ ಊರಿ, ಸೊಂಟ ಸ್ವಲ್ಪ ತಗ್ಗಿಸಿ, ಒದ್ದು ವಾಪಸ್ ಬರಬೇಕು. ಇದನ್ನು ಎರಡು ದಿನ ಹೇಳಿಕೊಟ್ಟರೆ ಸಾಕು, ಸ್ಟ್ಯಾಮಿನಾ ಒಂದು ಚೂರೂ ಹೆಚ್ಚದೆ ಎಷ್ಟೋ ಮಕ್ಕಳು ಮುಂದಕ್ಕೆ ಹೋಗುವುದನ್ನು ನೋಡಿದ್ದೇನೆ.

ಇನ್ನೊಂದು ಮಾತು. 14 ವರ್ಷದ ಇಬ್ಬರು ಮಕ್ಕಳ ಮೈ ಒಂದೇ ವಯಸ್ಸಿನದಾಗಿರುವುದಿಲ್ಲ. ಒಬ್ಬಳು ಬೆಳೆದು ಮುಗಿಸಿರುತ್ತಾಳೆ, ಇನ್ನೊಬ್ಬಳು ಈಗ ಶುರು. ಆರು ವಾರ ಬಿಟ್ಟು ಅದೇ ನೆಲದಲ್ಲಿ ಅದೇ ಹೊತ್ತಿಗೆ ಇನ್ನೊಂದು ಸಲ ಓಡಲಿ. 5 ಇದ್ದದ್ದು 6 ಆದರೆ ಪೇಡ ಹಂಚಿ. ಆಟ ಬಿಡುವ ಮಾತು ಬೇಡ ಅಂತ ನಾನು ಹೇಳಿದೆ ಅಂತ ಹೇಳಿ.

ಪ್ರಶ್ನೆ: ನನ್ನ ಮಗ ಶಾಲೆಯ ಕ್ರೀಡಾಕೂಟದಲ್ಲಿ 100 ಮೀಟರನ್ನು 11.6 ಸೆಕೆಂಡಿನಲ್ಲಿ ಓಡಿದ. ಎಲೆಕ್ಟ್ರಾನಿಕ್ ಟೈಮಿಂಗ್ ಇದ್ದ ಕೂಟದಲ್ಲಿ 12.1 ಬಂತು. ಯಂತ್ರ ಕೆಟ್ಟಿತ್ತಾ? (ಮದ್ದೂರು)

ಉತ್ತರ: ಯಂತ್ರ ಸರಿ ಇತ್ತು. ಕೈಯಲ್ಲಿ ಹಿಡಿದ ಸ್ಟಾಪ್‌ವಾಚು ಸ್ವಲ್ಪ ದಾನಶೂರ. ಓಟ ಶುರುವಾದದ್ದನ್ನು ನೋಡಿ ಬೆರಳು ಒತ್ತುವಷ್ಟರಲ್ಲಿ ತಡ ಆಗುತ್ತದೆ. ಮುಗಿಯುವಾಗ ಮಾತ್ರ ಓಡಿ ಬರುವವನು ಕಾಣುತ್ತಾನಲ್ಲ, ಸಮಯಕ್ಕೆ ಸರಿಯಾಗಿ ಒತ್ತುತ್ತೇವೆ. ಹಾಗಾಗಿ 100 ಮೀಟರಿನ ಕೈ ಟೈಮಿಂಗಿಗೆ 0.24 ಸೆಕೆಂಡು ಸೇರಿಸಿ ಹೋಲಿಸುವುದು ವಾಡಿಕೆ. ಅಷ್ಟೇ ಅಲ್ಲ, ಶಾಲೆಯಲ್ಲಿ ಕ್ಲಾಪರ್ ಹೊಡೆದ ಸದ್ದು ಕೇಳಿ ವಾಚ್ ಒತ್ತಿದರೆ ಇನ್ನೂ ಮೋಸ. ಸದ್ದು 100 ಮೀಟರ್ ಬರಲು ಸುಮಾರು 0.3 ಸೆಕೆಂಡು ಬೇಕು. ಅದಕ್ಕೇ ಸದ್ದು ಕೇಳಬಾರದು, ಕ್ಲಾಪರಿನ ಎರಡು ಹಲಗೆ ಕೂಡುವುದನ್ನು ಕಣ್ಣಲ್ಲಿ ನೋಡಿ ಒತ್ತಬೇಕು. ಪಿಸ್ತೂಲಾದರೆ ಹೊಗೆ ನೋಡಬೇಕು. ನಿಮ್ಮ ಮಗನ ಅರ್ಧ ಸೆಕೆಂಡು ಇಲ್ಲೇ ಎಲ್ಲೋ ಇದೆ. ಅವನು ನಿಧಾನ ಆಗಿಲ್ಲ.

ಪ್ರಶ್ನೆ: ನಮ್ಮ ಕಾಲದಲ್ಲಿ ಗರಡಿಯಲ್ಲಿ ದಂಡ, ಬಸ್ಕಿ ಎಣಿಸುತ್ತಿದ್ದರು. ಅದೇ ಪರೀಕ್ಷೆ. ಈಗ ಮೊಮ್ಮಗನ ಕೈಲಿ ಗೋಡೆ ಪಕ್ಕ ನೆಗೆಸುತ್ತಾರೆ, ಸೈಕಲ್ ತುಳಿಸುತ್ತಾರೆ. ಕುಸ್ತಿಗೂ ನೆಗೆತಕ್ಕೂ ಏನು ಸಂಬಂಧ? (ಹಳೆಯ ಪೈಲ್ವಾನರು, ಮೈಸೂರು)

ಉತ್ತರ: ಯಜಮಾನರೇ, ಮೊದಲಿಗೆ ಗರಡಿಗೆ ನಮಸ್ಕಾರ. ದಸರಾ ಕುಸ್ತಿಗೆ ಜೋಡಿ ಕಟ್ಟುವುದನ್ನು ಎಷ್ಟೋ ಸಲ ನಿಂತು ನೋಡಿದ್ದೇನೆ. ಹಿರಿಯ ಉಸ್ತಾದರು ಹುಡುಗನ ಕತ್ತು, ಭುಜ ನೋಡಿ, ಒಂದು ಸಲ ಕೈ ಹಿಡಿದು, 'ಇವನಿಗೆ ಅವನು' ಅಂದರೆ ಮುಗಿಯಿತು. ಆ ಕಣ್ಣಿಗೆ ಸಮನಾದ ಯಂತ್ರ ನಾನು ನೋಡಿಲ್ಲ.

ಆದರೆ ಬಸ್ಕಿ ಒಂದು ವಿಷಯ ಹೇಳುತ್ತದೆ, ಇನ್ನೊಂದನ್ನು ಹೇಳುವುದಿಲ್ಲ. ಐನೂರು ಬಸ್ಕಿ ಹೊಡೆಯುವವನ ತೊಡೆಗೆ ತಾಳಿಕೆ ಇದೆ ಅಂತ ಗೊತ್ತಾಗುತ್ತದೆ. ಎದುರಾಳಿಯ ಸೊಂಟಕ್ಕೆ ಕೈ ಹಾಕಿ ಎತ್ತಿ ಒಗೆಯುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ಅಲ್ಲಿ ಬೇಕಾದದ್ದು ಒಂದೇ ಏಟಿಗೆ ಹೊರಬರುವ ಬಲ. ಅದನ್ನು ನೋಡಲು ನೆಗೆತದಷ್ಟು ಅಗ್ಗದ ಪರೀಕ್ಷೆ ಬೇರೆ ಇಲ್ಲ. ಅಮೆರಿಕದ ಡಡ್ಲಿ ಸಾರ್ಜೆಂಟ್ 1921ರಲ್ಲೇ ಇದರ ಬಗ್ಗೆ ಬರೆದರು. ಇವತ್ತಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ.

ನೀವೇ ಮೊಮ್ಮಗನಿಗೆ ಮಾಡಿಸಿ. ಬೆರಳ ತುದಿಗೆ ಗರಡಿಯ ಕೆಮ್ಮಣ್ಣು ಹಚ್ಚಿಕೊಳ್ಳಲಿ. ಗೋಡೆಗೆ ಪಕ್ಕೆ ಕೊಟ್ಟು ನಿಂತು, ಹಿಮ್ಮಡಿ ಎತ್ತದೆ ಕೈ ಎಟುಕಿದಷ್ಟು ಮೇಲೆ ಒಂದು ಗುರುತು. ಆಮೇಲೆ ಮಂಡಿ ಬಗ್ಗಿಸಿ, ಕೈ ಬೀಸಿ, ನೆಗೆದು ತುತ್ತತುದಿಯಲ್ಲಿ ಇನ್ನೊಂದು ಗುರುತು. ನಡುವಿನ ಅಂತರವೇ ಅಂಕ. ಮೂರು ಸಲ ನೆಗೆದು ಅತಿ ಹೆಚ್ಚಿನದನ್ನು ಬರೆದಿಡಿ. ಮಟ್ಟಿಯ ಒಳಗೆ ಮಾತ್ರ ನೆಗೆಸಬೇಡಿ. ಸಡಿಲ ಮಣ್ಣು ಕಾಲಿನ ಬಲವನ್ನು ನುಂಗಿಬಿಡುತ್ತದೆ, ಗಟ್ಟಿ ನೆಲ ಬೇಕು. ತೂಕವನ್ನೂ ಪಕ್ಕದಲ್ಲಿ ಬರೆಯಿರಿ. 60 ಕೆ.ಜಿ.ಯವನೂ 90 ಕೆ.ಜಿ.ಯವನೂ ಒಂದೇ 40 ಸೆಂಟಿಮೀಟರ್ ನೆಗೆದರೆ, ದಪ್ಪಗಿರುವವನು ಒಂದೂವರೆ ಪಟ್ಟು ಕೆಲಸ ಮಾಡಿದ್ದಾನೆ.

ಸೈಕಲ್ ಅಂದದ್ದು ವಿಂಗೇಟ್ ಟೆಸ್ಟ್ ಇರಬೇಕು. 1970ರ ದಶಕದಲ್ಲಿ ಇಸ್ರೇಲಿನ ವಿಂಗೇಟ್ ಸಂಸ್ಥೆಯಲ್ಲಿ ಹುಟ್ಟಿದ್ದು. ಮೈತೂಕಕ್ಕೆ ತಕ್ಕ ಭಾರ ಹಾಕಿ 30 ಸೆಕೆಂಡು ಜೀವ ಬಿಟ್ಟು ತುಳಿಯಬೇಕು. ಮೊದಲ ಕೆಲವು ಸೆಕೆಂಡಿನ ಬಲ ಎಷ್ಟು, ಕೊನೆಗೆ ಎಷ್ಟು ಇಳಿಯಿತು ಅಂತ ನೋಡುತ್ತಾರೆ. ಹಿಡಿತ ಬಿಗಿದಾಗ ಎರಡೇ ಏಟಿಗೆ ಉಸಿರು ಕಟ್ಟುವವನು ಯಾರು ಅಂತ ಇದರಲ್ಲಿ ಕಾಣುತ್ತದೆ. ಇಳಿದ ಮೇಲೆ ಹುಡುಗರು ವಾಂತಿ ಮಾಡಿಕೊಳ್ಳುವುದುಂಟು, ನೀವು ಗಾಬರಿಯಾಗಬೇಡಿ. ಬಸ್ಕಿ ನಿಲ್ಲಿಸಬೇಡಿ ಅಂತ ಮೊಮ್ಮಗನಿಗೂ ಹೇಳಿ.

ಪ್ರಶ್ನೆ: ನನ್ನ ವಾಚ್ 'ವಿಓಟೂ ಮ್ಯಾಕ್ಸ್ 38' ಅಂತ ತೋರಿಸುತ್ತದೆ. ನಂಬಬಹುದಾ? (ವಿಜಯನಗರ, ಮೈಸೂರು)

ಉತ್ತರ: ಜೀವ ಬಿಟ್ಟು ಓಡುವಾಗ ನಿಮ್ಮ ಮೈ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸುತ್ತದೆ ಅನ್ನುವ ಲೆಕ್ಕ ಅದು. ಒಂದು ಕೆ.ಜಿ. ಮೈತೂಕಕ್ಕೆ ಇಷ್ಟು ಮಿಲಿಲೀಟರ್ ಅಂತ. ಇಂಗ್ಲೆಂಡಿನ ಎ.ವಿ. ಹಿಲ್, ನೊಬೆಲ್ ಪಡೆದವರು, ನೂರು ವರ್ಷದ ಹಿಂದೆ ಬೆನ್ನಿಗೆ ಗಾಳಿಚೀಲ ಕಟ್ಟಿಕೊಂಡು ಹುಲ್ಲಿನ ಮೇಲೆ ತಾವೇ ಓಡಿ ಇದನ್ನು ಅಳೆದರು. ಈಗ ಲ್ಯಾಬಿನಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಟ್ರೆಡ್‌ಮಿಲ್ ಮೇಲೆ ಓಡಿಸುತ್ತಾರೆ. ನಿಮ್ಮ ವಾಚು ಉಸಿರನ್ನು ಅಳೆಯುವುದೇ ಇಲ್ಲ. ಎದೆಬಡಿತ, ವೇಗ ನೋಡಿ ಅಂದಾಜು ಹೇಳುತ್ತದೆ.

ಇನ್ನೊಂದು ಅಂದಾಜು ಬೇಕಾ? ಅಮೆರಿಕದ ವಾಯುಪಡೆಯ ವೈದ್ಯರು ಕೆನೆತ್ ಕೂಪರ್ 1968ರಲ್ಲಿ ಕೊಟ್ಟದ್ದು. 400 ಮೀಟರ್ ಟ್ರ್ಯಾಕಿನಲ್ಲಿ 12 ನಿಮಿಷ ಓಡಿ. ಎಷ್ಟು ಮೀಟರ್ ಆಯಿತೋ ಅದರಲ್ಲಿ 504.9 ಕಳೆದು, 44.73ರಿಂದ ಭಾಗಿಸಿ. 2400 ಮೀಟರ್ ಆದರೆ 42 ಚಿಲ್ಲರೆ. 2000 ಆದರೆ 33 ಚಿಲ್ಲರೆ. ಎರಡು ಲೆಕ್ಕ ಹತ್ತಿರ ಬಂದರೆ ಸಂತೋಷ. ಬರದಿದ್ದರೂ ಚಿಂತೆ ಇಲ್ಲ, ಮೂರು ತಿಂಗಳಲ್ಲಿ ಅಂಕಿ ಏರುತ್ತಿದೆಯಾ ಅಂತ ಮಾತ್ರ ನೋಡಿ. ಓಡಿ ಅಭ್ಯಾಸ ಇಲ್ಲದವರು, ನಲವತ್ತು ದಾಟಿದವರು ಡಾಕ್ಟರಿಗೆ ತೋರಿಸದೆ ಇದಕ್ಕೆ ಇಳಿಯಬೇಡಿ.

ಪ್ರಶ್ನೆ: ಚಾಮುಂಡಿ ಬೆಟ್ಟದ ಮೆಟ್ಟಿಲನ್ನು 25 ನಿಮಿಷದಲ್ಲಿ ಹತ್ತುತ್ತೇನೆ. ಫಿಟ್ ಅನ್ನಬಹುದಾ?

ಉತ್ತರ: ಅನ್ನಬಹುದು. ಮೇಲೆ ಹೋದ ತಕ್ಷಣ ನಾಡಿ ಎಣಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಎಷ್ಟು ಬೇಗ ಇಳಿಯುತ್ತದೋ ಅಷ್ಟು ಒಳ್ಳೆಯದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಹಾರ್ವರ್ಡ್‌ನವರು ಒಂದು ಪೆಟ್ಟಿಗೆ ಹತ್ತಿ ಇಳಿಸಿ ಇದನ್ನೇ ಮಾಡಿದರು. ನಮಗೆ ಸಾವಿರ ಮೆಟ್ಟಿಲು ಪುಕ್ಕಟೆ ಇದೆ. ಆಷಾಢ ಶುಕ್ರವಾರ ಮಾತ್ರ ಟೈಮ್ ನೋಡಬೇಡಿ. ಅವತ್ತು ನಿಮ್ಮ ವೇಗ ಮುಂದಿನವರ ಕೈಲಿರುತ್ತದೆ.

ಪ್ರಶ್ನೆ: ನನಗೆ 63. ಓಡುವುದಿಲ್ಲ, ನೆಗೆಯುವುದಿಲ್ಲ. ಮನೆಯಲ್ಲೇ ಮಾಡಿಕೊಳ್ಳುವ ಟೆಸ್ಟ್ ಇದೆಯಾ? ಹಾಗೇ ಇನ್ನೊಂದು: ಎಲ್ಲರಿಗೂ ಟೆಸ್ಟ್ ಹೇಳುತ್ತೀರಲ್ಲ, ನಿಮ್ಮದು ಎಷ್ಟು ಮೇಷ್ಟ್ರೇ? (ಮಂಡ್ಯದ ಗೃಹಿಣಿ)

ಉತ್ತರ: ಇದೆ ಅಮ್ಮ. ಅಮೆರಿಕದ ರಿಕ್ಲಿ ಮತ್ತು ಜೋನ್ಸ್ ಎಂಬ ಇಬ್ಬರು ವಯಸ್ಸಾದವರಿಗೆ ಅಂತಲೇ ಮಾಡಿದ್ದು. ಕೈಯಿಲ್ಲದ ಗಟ್ಟಿ ಕುರ್ಚಿ, 43 ಸೆಂಟಿಮೀಟರ್ ಎತ್ತರದ್ದು, ಜಾರದ ಹಾಗೆ ಗೋಡೆಗೆ ಒತ್ತಿ ಇಡಿ. ಮಧ್ಯದಲ್ಲಿ ಕೂತು ಎರಡೂ ಕೈಗಳನ್ನು ಎದೆ ಮೇಲೆ ಅಡ್ಡ ಕಟ್ಟಿಕೊಳ್ಳಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ ಅಂತ ಎಣಿಸಿ. 60ರಿಂದ 64ರ ಹೆಂಗಸರಿಗೆ 12ರಿಂದ 17 ಸಾಮಾನ್ಯ. ಪಕ್ಕದಲ್ಲಿ ಯಾರಾದರೂ ಇರಲಿ. ತಲೆ ತಿರುಗಿದರೆ, ಎದೆ ಹಿಡಿದರೆ ಅಲ್ಲಿಗೇ ನಿಲ್ಲಿಸಿ.

ನನ್ನದು ಕೇಳಿದಿರಿ. ನನಗೆ 67. ಈ ವಯಸ್ಸಿನ ಗಂಡಸರಿಗೆ 12ರಿಂದ 18. ಹೋದ ತಿಂಗಳು ನಾನೇ ಎಣಿಸಿಕೊಂಡೆ, 15 ಬಂತು. ಈ ತಿಂಗಳು ನಮ್ಮನೆಯವರ ಕೈಗೆ ಸ್ಟಾಪ್‌ವಾಚ್ ಕೊಟ್ಟೆ. 13 ಅಂದರು. 'ಎರಡು ಸಲ ಮಂಡಿ ನೆಟ್ಟಗೆ ಮಾಡಲೇ ಇಲ್ಲ ನೀವು, ಅದನ್ನು ಯಾರು ಎಣಿಸುತ್ತಾರೆ?' ಅಂದು ವಾಚನ್ನು ಸೆರಗಿನಲ್ಲಿ ಒರೆಸಿ ಟೀವಿ ಮೇಲಿಟ್ಟರು. ಪುಸ್ತಕದಲ್ಲಿ 13 ಅಂತಲೇ ಬರೆದಿದ್ದೇನೆ.